ನಾನು ತಿನ್ನದ ಬೆಲ್ಲ

ಹಾಗಲಕಾಯಿ ರಸದ ಹೆಸರೆತ್ತಿದರೆ ಸಾಕು, ಈಗಲೂ ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ. ರಸಕ್ಕಿಂತ ಹೆಚ್ಚಾಗಿ ಅದನ್ನು ಕುಡಿಸಿದವರ ಮುಖಗಳು ನೆನಪಾಗಿ ಅಸಹ್ಯವಾಗುತ್ತದೆ. ಮಾಡಿದ್ದನ್ನು ಉಣ್ಣುತ್ತಿದ್ದಾನೆ, ಉಣ್ಣಲಿ ಎಂಬಂಥ ನೋಟ ಅದು.

ಬ್ಯಾಡಗಿ ಮಾರುಕಟ್ಟೆಯಲ್ಲಿ ನನ್ನದೊಂದು ಮೆಣಸಿನಕಾಯಿ ದಲಾಲಿ ಅಂಗಡಿ. ಸುಗ್ಗಿಯಲ್ಲಿ ಚೀಲ ಬಿಚ್ಚಿ ಸುರಿದರೆ ಘಾಟು ಕಣ್ಣು, ಮೂಗು, ಗಂಟಲು ಯಾವುದನ್ನೂ ಬಿಡುವುದಿಲ್ಲ. ಅದಕ್ಕೇ ನಮ್ಮ ಅಂಗಡಿಯಲ್ಲಿ ನೀರಿನ ಕೊಡದ ಪಕ್ಕ ಬೆಲ್ಲದ ಡಬ್ಬಿ ಇರುತ್ತದೆ. ಹಮಾಲರಾಗಲಿ, ಮಾಲು ತಂದ ರೈತರಾಗಲಿ, ಕೆಮ್ಮುತ್ತ ಬಂದವರು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ತಂಬಿಗೆ ನೀರು ಕುಡಿಯುತ್ತಾರೆ. ಆ ವರ್ಷ ನನಗೆ ನೀರಡಿಕೆ ವಿಪರೀತವಾದಾಗ ಇದೂ ಘಾಟಿನದೇ ಎಂದುಕೊಂಡೆ. ತಂಬಿಗೆಗೊಂದು ಚೂರು ಬೆಲ್ಲ. ಕುಡಿದಷ್ಟೂ ಗಂಟಲು ಒಣಗುತ್ತಿತ್ತು, ಒಣಗಿದಷ್ಟೂ ಬೆಲ್ಲ. ಸುಗ್ಗಿ ಮುಗಿದು, ಅಂಗಡಿ ಗುಡಿಸಿ ತೊಳೆದ ಮೇಲೂ ನಾನು ತಂಬಿಗೆ ಬಿಡದಿದ್ದಾಗ ಹೆಂಡತಿ ರಾಣೆಬೆನ್ನೂರಿನ ಡಾಕ್ಟರ ಹತ್ತಿರ ಕರೆದೊಯ್ದಳು.

ಡಾಕ್ಟರು ರಕ್ತದ ವರದಿ ನೋಡಿದರು, ನನ್ನನ್ನು ನೋಡಲಿಲ್ಲ. ನಲವತ್ತು ದಾಟಿದವನು, ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವವನು, ಮೇಲಾಗಿ ಬೆಲ್ಲ ತಿಂದವನು. ಅವರಿಗೆ ಇನ್ನೇನು ಬೇಕು?

"ಇದು ಎಲ್ಲಾರಿಗೂ ಬರೂ ಸಕ್ಕರಿ ಕಾಯಿಲೇನ ರೀ, ಟೈಪ್ ಟು. ಗುಳಿಗಿ ತಗೋರಿ, ಬೆಲ್ಲಾ ಬಿಡ್ರಿ, ದಿನಾ ವಾಕಿಂಗ್ ಮಾಡ್ರಿ" ಎಂದು ಚೀಟಿ ಗೀಚಿದರು.

ನಾನಾಗಲೇ ಸೊರಗಿ ಕಡ್ಡಿಯಾಗಿದ್ದೆ, ಬೆಲ್ಟಿಗೆ ಹೊಸ ತೂತು ಹಾಕಿಸಿದ್ದೆ. ತೂಕ ಯಾಕೆ ಹೀಗೆ ಇಳಿಯುತ್ತಿದೆ ಎಂದು ಕೇಳಿದ್ದಕ್ಕೆ, "ಛಲೋನ ಆತಲ್ರಿ, ಸಕ್ಕರಿ ಇದ್ದಾವ್ರು ತೂಕಾ ಇಳಸ್ಬೇಕು" ಎಂದರು.

ಬೆಲ್ಲ ಬಿಟ್ಟೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಗ ಒಬ್ಬರೂ ನಂಬಲಿಲ್ಲ. ಬೆಲ್ಲ, ಬಾಳೆಹಣ್ಣು, ಅನ್ನ, ಚಹಾದ ಸಕ್ಕರೆ, ಎಲ್ಲ ಬಿಟ್ಟೆ. ರಕ್ತದಲ್ಲಿನ ಸಕ್ಕರೆ ಮಾತ್ರ ಪ್ರತಿ ಸಲ ಏರಿಯೇ ಇರುತ್ತಿತ್ತು. ಡಾಕ್ಟರು ಗುಳಿಗೆ ಹೆಚ್ಚಿಸಿದರು, ಮತ್ತೆ ಹೆಚ್ಚಿಸಿದರು. ಕೊನೆಗೆ ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿ, "ನಿಮ್ಮ ಯಜಮಾನ್ರ ಮ್ಯಾಲೆ ಸ್ವಲ್ಪ ಕಣ್ಣಿಡ್ರಿ. ಇಷ್ಟು ಗುಳಿಗಿ ತಗೊಂಡ್ರೂ ಇಳೀವಲ್ದಂದ್ರ ಏನರ ತಿನ್ನಾಕತ್ತಾರ" ಎಂದರು. ನನ್ನ ಎದುರಿಗೇ ಹೇಳಿದರು. ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ನಾನು ನನ್ನ ಮನೆಯಲ್ಲೇ ಕಳ್ಳ. ಹೆಂಡತಿ ಅಂಗಡಿಯ ಬೆಲ್ಲದ ಡಬ್ಬಿಯನ್ನು ಎತ್ತಿಸಿಬಿಟ್ಟಳು, ಪಾಪ, ಹಮಾಲರು ಬರೀ ನೀರು ಕುಡಿಯಬೇಕಾಯಿತು. ಅಂಗಿ ಒಗೆಯುವ ಮೊದಲು ಜೇಬು ತಡಕುತ್ತಿದ್ದಳು. ಅವಳ ತಮ್ಮ ದಿನಾ ಬೆಳಗ್ಗೆ ಮೋಟೆಬೆನ್ನೂರಿನಿಂದ ಬೈಕಿನಲ್ಲಿ ಹಾಗಲಕಾಯಿ ತಂದು, ಅರೆದು ಹಿಂಡಿ, ಹಸಿರು ನೊರೆಯ ಲೋಟ ನನ್ನ ಮುಂದೆ ಹಿಡಿಯುತ್ತಿದ್ದ.

"ಮಾಮಾ, ಮೂಗ ಹಿಡಕೊಂಡು ಕುಡದ್ಬಿಡ್ರಿ. ತಿನ್ನೂ ಮುಂದ ಗೊತ್ತಾಗ್ಬೇಕಿತ್ತು" ಎಂದು ನಗುತ್ತಿದ್ದ.

ಲೋಟ ಅವನ ಮುಖಕ್ಕೆ ಎರಚಬೇಕೆನಿಸುತ್ತಿತ್ತು. ಆದರೆ ಕುಡಿಯುತ್ತಿದ್ದೆ, ಕುಡಿದು ಬಚ್ಚಲಿಗೆ ಹೋಗಿ ಕಾರಿಕೊಳ್ಳುತ್ತಿದ್ದೆ. ಆ ಬಚ್ಚಲಲ್ಲಿ ನಾನು ಉಚ್ಚೆ ಹೊಯ್ದ ಕಡೆಯೆಲ್ಲ ಇರುವೆ ಮುತ್ತುತ್ತಿದ್ದವು. ಥೂ, ನನ್ನ ಮೈಯನ್ನು ಕಂಡರೆ ನನಗೇ ಹೇಸಿಗೆ.

ಒಂದು ಬೆಳಗ್ಗೆ ಏಳಲಿಕ್ಕೇ ಆಗಲಿಲ್ಲ. ಹೊಟ್ಟೆಯಲ್ಲಿ ಹಿಂಡುವ ನೋವು, ಮಲಗಿದಲ್ಲೇ ಏದುಸಿರು. ಎಬ್ಬಿಸಲು ಬಗ್ಗಿದ ಹೆಂಡತಿ ತಟ್ಟನೆ ಹಿಂದೆ ಸರಿದಳು.

"ಬಾಯಿ ತಗೀರಿ ನೋಡೂಣು."

ತೆರೆದೆ. ಮೂಸಿದಳು.

"ಹಣ್ಣಿನ ವಾಸನಿ ಬರಾಕತ್ತೈತಿ. ಬಾಳೆಹಣ್ಣ ತಿಂದೀರಿ."

"ನಿನ್ನಿ ಮಧ್ಯಾಹ್ನದಿಂದ ಹೊಟ್ಟಿಗೆ ಏನೂ ಹೋಗಿಲ್ಲ" ಎಂದೆ.

"ನನ್ನ ಮೂಗಿಗೆ ಗೊತ್ತಾಗೂದಿಲ್ಲೇನ್ರಿ? ನಿಮಗ ನಿಮ್ಮ ಜೀವದ ಮ್ಯಾಲೆ ಆಸೆ ಇಲ್ಲಂದ್ರ ನಾ ಎಲ್ಲಿಗೆ ಹೋಗ್ಲಿ?" ಎಂದು ಅತ್ತಳು. ಅಳುತ್ತಲೇ ಹಾಸಿಗೆಯ ಅಂಚು ಎತ್ತಿ ನೋಡಿದಳು, ಕಿಟಕಿಯಿಂದ ಹೊರಗೆ ಇಣುಕಿದಳು. ಬಾಳೆಹಣ್ಣಿನ ಸಿಪ್ಪೆ ಹುಡುಕುತ್ತಿದ್ದಳು. ನಾನು ಸಾಯುತ್ತಿದ್ದೆ. ಅಷ್ಟರಲ್ಲಿ ಅವಳ ತಮ್ಮ ಲೋಟ ಹಿಡಿದು ಬಂದ. ಒಂದು ಗುಟುಕು ಒಳಗೆ ಹೋಗುತ್ತಲೇ ಅವನ ಅಂಗಿಯ ಮೇಲೆಯೇ ವಾಂತಿ ಮಾಡಿ ಕುಸಿದೆ. ಆಮೇಲೆ ಕಾರು ತರಿಸಿ ಹಾವೇರಿಗೆ ಒಯ್ದರಂತೆ.

ಹಾವೇರಿಯ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಡಾಕ್ಟರು ಒಬ್ಬ ಹೆಣ್ಣುಮಗಳು. ಅವರೂ ನನ್ನ ಬಾಯಿಯ ಹತ್ತಿರ ಬಗ್ಗಿದರಂತೆ. ಬಾಳೆಹಣ್ಣು ತಿಂದಿದ್ದಾರೆ ಎಂದು ಹೆಂಡತಿ ಅಲ್ಲೂ ದೂರು ಹೇಳಿದ್ದಳು.

"ಹಣ್ಣಿನ ವಾಸನಿ ಅಲ್ಲವ್ವಾ ಇದು. ಮೈಯಾಗ ಇನ್ಸುಲಿನ್ ಇಲ್ಲದ್ದಕ್ಕ ಕೊಬ್ಬು ಕರಗಿ ಹಿಂಗ ನಾರ್ತೈತಿ. ಇನ್ನೂ ತಡಾ ಮಾಡಿದ್ರ ಉಳೀತಿದ್ದಿಲ್ಲ" ಎಂದು ಡಾಕ್ಟರು ಅವಳಿಗೆ ಹೇಳಿ, ಸಲಾಯಿನ್ ಹಚ್ಚಿ ಇನ್ಸುಲಿನ್ ಶುರು ಮಾಡಿದರು.

ಅವರು ಹೊರಗೆ ಪರೀಕ್ಷೆಗೆ ಕಳಿಸಿದ್ದ ರಕ್ತದ ವರದಿ ಬರುವ ಹೊತ್ತಿಗೆ ನಾನು ಎದ್ದು ಕೂತು ಗಂಜಿ ಕುಡಿಯುವಷ್ಟಾಗಿದ್ದೆ.

"ಇವರದು ಮೊದಲಿಂದನೂ ಟೈಪ್ ಒನ್ ರೀ, ಮೈಯಾಗ ಇನ್ಸುಲಿನ್ನ ಹುಟ್ಟಂಗಿಲ್ಲ. ಸಣ್ಣ ಹುಡುಗ್ರಿಗಷ್ಟ ಅಲ್ಲ, ದೊಡ್ಡವ್ರಿಗೂ ಬರ್ತೈತಿ" ಎಂದರು ಡಾಕ್ಟರು. "ಗುಳಿಗಿ, ಹಾಗಲಕಾಯಿ ಯಾವುದೂ ಇದಕ್ಕ ನಡಿಯಂಗಿಲ್ಲ. ಇನ್ನ ಮ್ಯಾಲೆ ದಿನಾ ಇನ್ಸುಲಿನ್ ಸೂಜಿನ ಬೇಕು."

ಹೆಂಡತಿ ಸೂಜಿಯ ಬಗ್ಗೆ ಏನೂ ಕೇಳಲಿಲ್ಲ. "ಹಂಗಾರ ಇವರು ಕದ್ದು ತಿಂದಿದ್ದಿಲ್ಲೇನ್ರಿ?" ಎಂದಳು.

"ಅದನ್ನ ವರದಿ ಹೇಳಂಗಿಲ್ಲವ್ವಾ. ತಿಂದಿದ್ರೂ ಬಿಟ್ಟಿದ್ರೂ ಗುಳಿಗಿಲೆ ಇದು ಇಳೀತಿದ್ದಿಲ್ಲ" ಎಂದು ಅವರು ಪಕ್ಕದ ಹಾಸಿಗೆಗೆ ಹೋದರು.

ಹೆಂಡತಿ ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. ಅತ್ತತ್ತು ಅವಳ ಕಣ್ಣು ಬಾತಿದ್ದವು. "ಈಗರ ಖರೇ ಹೇಳ್ರಿ, ನಾ ಬೈಯಂಗಿಲ್ಲ. ನಡುನಡುವ ಒಂದೊಂದ ಚೂರು ಬೆಲ್ಲಾ ತಿಂತಿದ್ರಿ, ಹೌದಿಲ್ಲೋ?"

ನನಗೆ ಎಲ್ಲದರ ಮೇಲೂ ವಾಕರಿಕೆ ಬಂದಿತ್ತು. ಇಲ್ಲ ಎಂದು ಇನ್ನೊಮ್ಮೆ ಹೇಳುವ ಶಕ್ತಿ ಇರಲಿಲ್ಲ.

"ಹೂಂ, ತಿಂತಿದ್ನಿ" ಎಂದೆ.

ಅವಳ ಮುಖ ಹಗುರಾಯಿತು. ನನ್ನ ಕೈ ಸವರುತ್ತ, "ನನಗ ಗೊತ್ತಿತ್ತು" ಎಂದಳು.