ಕುಣಿಗಲ್ಲಿನ ಅತ್ತಿಗೆ ಕಲಿಸಿದ ಖೋ ಖೋ

ಎಪ್ಪತ್ತರ ದಶಕದ ಕೊನೆಯಲ್ಲಿ ಗುಬ್ಬಿಯ ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರ ಖೋ ಖೋ ತಂಡ ಕಟ್ಟಿದಾಗ ನನ್ನನ್ನೇ ಕ್ಯಾಪ್ಟನ್ ಮಾಡಿದರು. ಓಟದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅಷ್ಟೇ ಸಾಕು ಅಂದುಕೊಂಡಿದ್ದೆ. ಒಂದು ಭಾನುವಾರ ಮನೆಯ ಹಿಂದಿನ ಕಣದಲ್ಲಿ ಗೆಳತಿಯರ ಜೊತೆ ಆಡುತ್ತಿದ್ದಾಗ, ಬಟ್ಟೆ ಒಣಹಾಕುತ್ತಿದ್ದ ಅತ್ತಿಗೆ ಕೂಗಿದರು.

“ಫೌಲು ಕಣೇ ಅದು! ಅಟ್ಟಿಸ್ಕೊಂಡ್ ಹೋಗೋಳು ಕೂತಿರೋರ ಮಧ್ಯೆ ನುಗ್ಗಂಗಿಲ್ಲ. ತಪ್ಪಿಸ್ಕೊಳ್ಳೋರು ಮಾತ್ರ ನುಗ್ಬೋದು.”

ಅತ್ತಿಗೆ ಕುಣಿಗಲ್ಲಿನವರು. ಅಣ್ಣನನ್ನು ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿ ಸ್ಕೂಲಿನ ತಂಡದಲ್ಲಿ ಆಡುತ್ತಿದ್ದರೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕಣಕ್ಕಿಳಿದೇ ಬಿಟ್ಟರು. ಸಾಲಾಗಿ ಕೂತವರನ್ನು ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ಮುಖ ಮಾಡಿಸಿದರು. ಹಿಂದಿನಿಂದ ಬೆನ್ನು ಮುಟ್ಟಿಯೇ ‘ಖೋ’ ಅನ್ನಬೇಕು, ಎದ್ದವಳು ಹಿಡಿದ ದಿಕ್ಕು ಬಿಡಬಾರದು, ಕಂಬ ತಲುಪಿದ ಮೇಲಷ್ಟೇ ತಿರುಗಬಹುದು. ಎಲ್ಲವನ್ನೂ ಓಡಿಯೇ ತೋರಿಸಿದರು.

ಅಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಬೈಗುಳ ಬೀಳುತ್ತದೆ ಅಂದುಕೊಂಡೆವು.

“ಸೀರೇಲಿ ಎಡವಿ ಬಿದ್ದೀಯ ಕಣಮ್ಮ, ಕಚ್ಚೆ ಹಾಕ್ಕೊ,” ಎಂದು ಒಳಗೆ ಹೋದಳು.

ತುಮಕೂರಿನ ಜಿಲ್ಲಾ ಪಂದ್ಯಕ್ಕೆ ಅಣ್ಣನ ಜೊತೆ ಅತ್ತಿಗೆಯೂ ಬಂದರು. ನಮಗೆ ಎದುರಾಗಿದ್ದು ಅವರದೇ ಹಳೆಯ ಸ್ಕೂಲು! ಕೊನೆಯ ಸರದಿಯಲ್ಲಿ ಅಟ್ಟಿಸುವವರು ನಾವು. ಸ್ಕೋರು ಸಮ, ಸಮಯ ಮುಗಿಯುತ್ತಾ ಬಂದಿತ್ತು. ಕುಣಿಗಲ್ಲಿನ ಹುಡುಗಿಯೊಬ್ಬಳು ಕಂಬದ ಹತ್ತಿರ ಆಚೆ ಬದಿಗೆ ಜಾರಿದಳು. ನಾನು ಕಂಬ ಹಿಡಿದು ತಿರುಗಿ ಅವಳ ಭುಜ ತಟ್ಟಿದೆ. “ಫೌಲು, ಫೌಲು!” ಎಂದು ಅವರ ಕಡೆಯವರೆಲ್ಲ ಎದ್ದುನಿಂತರು. ಅಂಪೈರ್ ಸೀಟಿ ಊದಿ ನನ್ನನ್ನು ನೋಡಿದರು.

“ಕಂಬ ಮುಟ್ಟೇ ತಿರುಗಿದ್ದು ಸಾರ್. ಅಲ್ಲಿ ತಿರುಗ್ಬೋದು,” ಅಂದೆ. ಕಂಬದ ಪಕ್ಕದಲ್ಲಿದ್ದ ಇನ್ನೊಬ್ಬ ಅಂಪೈರ್ ಹೌದೆಂದು ತಲೆಯಾಡಿಸಿದರು. ಪಾಯಿಂಟು ನಮ್ಮದಾಯಿತು, ಪಂದ್ಯವೂ.

ಕುಣಿಗಲ್ಲಿನ ಮೇಷ್ಟ್ರು ಅತ್ತಿಗೆಯನ್ನು ಗುರುತು ಹಿಡಿದರು. “ಏನಮ್ಮ, ನಾನ್ ಕಲಿಸಿದ್ದನ್ನ ನಮ್ ಮೇಲೇ ಬಿಟ್ಯಲ್ಲ!”

“ನಾನೀಗ ಗುಬ್ಬಿಯೋಳು ಸಾರ್,” ಎಂದು ಅತ್ತಿಗೆ ನಕ್ಕರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಅಳುತ್ತಿದ್ದ ಆ ಹುಡುಗಿಯ ಕೈ ಹಿಡಿದು ಕಂಬದ ಹತ್ತಿರ ಕರೆದೊಯ್ದು, ಹೇಗೆ ತಪ್ಪಿಸಿಕೊಳ್ಳಬೇಕಿತ್ತೆಂದು ತೋರಿಸಿಕೊಟ್ಟರು. ನನಗೆ ರೇಗಿತು.

“ಮುಂದಿನ್ ವರ್ಷ ಅವ್ರೇ ಗೆದ್ರೆ ಏನ್ ಮಾಡ್ತೀರ ಅತ್ತಿಗೆ?”

“ಗೆಲ್ಲಲಿ ಬುಡು. ನೀನು ಇನ್ನೂ ಜೋರಾಗ್ ಓಡು.”