ಬೆನ್ನು ಸವರುವ ಕೈಗಳು

ಯಾರ ಮನೆಗೆ ಹೋದರೂ ನಮ್ಮ ಕನ್ನಡ ಬಳಗದ ಅಂಕಲ್ ಗೋಡೆಗೆ ಬೆನ್ನು ಒತ್ತಿಕೊಂಡೇ ನಿಲ್ಲುತ್ತಿದ್ದರು. ಹೊರಡುವಾಗ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಿಂದೆಲ್ಲ ಮುದುರಿಹೋಗಿರುತ್ತಿತ್ತು. ಪಾಪ, ಸೊಂಟನೋವಿರಬೇಕು ಎಂದುಕೊಂಡಿದ್ದೆ.

ಎನರ್ಜಿ ಕಾರಿಡಾರಿನ ಎಣ್ಣೆ ಕಂಪನಿಯ ಕೆಲಸದಿಂದ ರಿಟೈರ್ ಆದಮೇಲೆ, ಮಕ್ಕಳ ಜೊತೆ ಇರಲು ಅಮೆರಿಕಕ್ಕೆ ಬಂದ ನಮ್ಮ ಕನ್ನಡಿಗರ ಅಪ್ಪ ಅಮ್ಮಂದಿರಿಗೆ ಅವರು ಪೇರ್‌ಲ್ಯಾಂಡಿನ ಲೈಬ್ರರಿಯಲ್ಲಿ ಪೌರತ್ವ ಪರೀಕ್ಷೆಯ ಪಾಠ ಹೇಳುತ್ತಿದ್ದರು. ನನ್ನಮ್ಮನೂ ಹೋಗುತ್ತಿದ್ದಳು. "ಆಫೀಸರ್ ಮುಂದೆ ಕೈ ಕಟ್ಕೊಂಡು ಕೂತ್ಕೋಬೇಡಿ ಅಮ್ಮಾ. ಕಾನೂನಿನ ಮುಂದೆ ಅವರೂ ನೀವೂ ಒಂದೇ" ಎನ್ನುವರು. ಬರೀ ಉರು ಹೊಡೆದರೆ ಒಪ್ಪುತ್ತಿರಲಿಲ್ಲ. ಸಮಾನತೆ ಎಂದರೇನೆಂದು ಅಮ್ಮ ತನ್ನ ಮಾತಿನಲ್ಲೇ ಹೇಳುವವರೆಗೆ ಬಿಡುತ್ತಿರಲಿಲ್ಲ. ಅಮ್ಮ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದಳು.

ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ ಪ್ರಸಾದಕ್ಕೆಂದು ಗೋಡೆ ಬಿಟ್ಟು ಮುಂದೆ ಬಂದರು. ಅವರ ತರಗತಿಯ ಹಿರಿಯರೊಬ್ಬರು "ಏನ್ ಮೇಷ್ಟ್ರೇ, ಚೆನ್ನಾಗಿದೀರಾ?" ಎಂದು ಬೆನ್ನು ತಟ್ಟಿದರು. ತಟ್ಟಿದ ಕೈ ಸುಮ್ಮನೆ ಹಿಂದೆ ಬರಲಿಲ್ಲ, ಹೆಗಲಿನಿಂದ ಕೆಳಕ್ಕೆ ಸವರಿತು. ಜನಿವಾರ ಇದೆಯೇ ಎಂದು ತಡಕುವ ಈ ಚಾಳಿ ವಿಮಾನ ಹತ್ತಿ ನಮ್ಮ ಜೊತೆಗೇ ಬಂದಿದೆ.

"ಹುಡುಕ್ಬೇಡಿ ಸಾರ್, ಸಿಗಲ್ಲ" ಎಂದರು ಅಂಕಲ್, ನಗುತ್ತಲೇ. "ನಾನು ಹುಟ್ಟಿದ್ದು ಊರಾಚೆ ಕೇರೀಲಿ."

ಅವರು ಗೋಡೆಗೆ ಒರಗುತ್ತಿದ್ದುದು ಯಾಕೆಂದು ಅವತ್ತು ತಿಳಿಯಿತು.

ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ತರಗತಿಯನ್ನೂ ತಪ್ಪಿಸಲಿಲ್ಲ, ಪರೀಕ್ಷೆ ಪಾಸಾಗಬೇಕಿತ್ತಲ್ಲ! ಎಲ್ಲರೂ ಪ್ರಮಾಣವಚನ ತೆಗೆದುಕೊಂಡ ದಿನ ಅಂಕಲ್ ಖುಷಿಯಿಂದ ಮನೆಗೆ ಕಾಫಿಗೆ ಕರೆದರು. ಕಾಫಿ ತಂದಿಟ್ಟಾಗ ಒಬ್ಬರಿಗೆ ಏಕಾದಶಿ, ಒಬ್ಬರಿಗೆ ಅಸಿಡಿಟಿ, ಅಮ್ಮನಿಗೆ ತಲೆನೋವು. ತುಂಬಿದ ಲೋಟಗಳನ್ನು ಅಂಕಲ್ ತಾವೇ ಒಳಗೆ ತೆಗೆದುಕೊಂಡು ಹೋದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಆಂಟಿಯನ್ನು ಮಾತಾಡಿಸಲು ನಾವೆಲ್ಲ ಹೋದ ಆ ಮಧ್ಯಾಹ್ನ ಈಗಲೂ ನನ್ನನ್ನು ಕಾಡುತ್ತದೆ. ಎಲ್ಲರೂ ಮೇಷ್ಟ್ರನ್ನು ಬಾಯ್ತುಂಬ ಹೊಗಳಿದರು. ಆಂಟಿ ಕಾಫಿ ತಂದರು. "ಸೂತಕದ ಮನೆ, ಏನೂ ಬೇಡಮ್ಮಾ" ಎಂದರು ಅದೇ ಹಿರಿಯರು.

"ಸೂತಕ ಈಗ ಬಂದಿರೋದು ಸಾರ್. ಅವತ್ತೇನಿತ್ತು?" ಎಂದರು ಆಂಟಿ.

ನಾನು ಲೋಟ ತೆಗೆದುಕೊಂಡು ಕುಡಿದೆ. ಆಂಟಿ ಅಮ್ಮನ ಮುಂದೆ ಬಂದು ನಿಂತರು. ಅಮ್ಮ ಕೈ ಚಾಚಿದಳು, ಪಕ್ಕದವರ ಮುಖ ನೋಡಿದಳು, ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, ಮೇಷ್ಟ್ರೇ ತಿದ್ದಿ ತಿದ್ದಿ ಕಲಿಸಿದ್ದ ಇಂಗ್ಲಿಷಿನಲ್ಲಿ, "ನೋ, ಥ್ಯಾಂಕ್ ಯೂ" ಎಂದಳು.