ಖಾನಾಪುರದ ಲೈನು

ಅನಗೋಳದ ಸುಹಾಸಿನಿ ಒಂದು ಶಿಕ್ಷಣ ಸಂಸ್ಥೆಯ ಬೆಳಗಾವಿ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಳು. ೨೦೦೩ರಲ್ಲಿ ಅಲ್ಲಿ ಆ ಕೆಲಸಕ್ಕೆ ಹೆಸರಿರಲಿಲ್ಲವಾದ್ದರಿಂದ ಹಾಜರಿ ಪುಸ್ತಕದಲ್ಲಿ ಅವಳು ಟೈಪಿಸ್ಟ್. ತಂದೆ ನೇಮಣ್ಣ ಬಂದವರಿಗೆಲ್ಲ, "ನಮ್ಮ ಹುಡುಗಿ ವಾಯರ್ ಜೋಡಸ್ತಾಳ್ರಿ" ಎನ್ನುತ್ತಿದ್ದ. ಓಣಿಯ ಜನ ಕೆಟ್ಟ ಮಿಕ್ಸರು ತಂದಿಡುತ್ತಿದ್ದರು. ಕೆಲವನ್ನು ಅವಳು ದುರಸ್ತಿಯೂ ಮಾಡಿದ್ದಳು.

ಸಂಸ್ಥೆಯ ಇನ್ನೊಂದು ಕಾಲೇಜು ಖಾನಾಪುರದಲ್ಲಿತ್ತು. ಎರಡು ಕಡೆಯ ಕಂಪ್ಯೂಟರುಗಳ ನಡುವೆ ಬಾಡಿಗೆಗೆ ಪಡೆದ ಒಂದು ಲೈನು. ಮಧ್ಯಾಹ್ನವಾದರೆ ಅದು ತುಂಬಿ ನಿಂತುಬಿಡುತ್ತಿತ್ತು. ಪರೀಕ್ಷೆಯ ಅರ್ಜಿಗಳೂ ಬೆಳಗಾವಿಗೆ ಬರುತ್ತಿರಲಿಲ್ಲ. ಚೇರಮನ್ ಚನ್ನಬಸಯ್ಯನವರಿಗೆ ಕಾರಣ ಗೊತ್ತಿತ್ತು.

"ಆ ಹುಡುಗ್ರು ಸಿನಿಮಾ ನೋಡಾಕತ್ತಾರ. ಲೈನ್ ಕಿತ್ತ ಒಗಿ."

ಸುಹಾಸಿನಿಗೂ ಹಾಗೇ ಅನ್ನಿಸಿತ್ತು. ಆದರೂ ನೋಡುವವರು ಯಾರೆಂದು ಮೊದಲು ತಿಳಿಯಲಿ ಎಂದು ಒಂದು ವಾರದ ಸಮಯ ಕೇಳಿಕೊಂಡಳು. ಕಂಪ್ಯೂಟರುಗಳ ವಾಯರುಗಳೆಲ್ಲ ಬಂದು ಸೇರುವ ಪೆಟ್ಟಿಗೆಗಳಿಗೆ ಸ್ವಿಚ್ ಎನ್ನುತ್ತಾರೆ; ಹೊಸ ಸ್ವಿಚ್‌ಗಳಲ್ಲಿ ಒಂದು ಸೌಲಭ್ಯವಿತ್ತು. ಹಾದುಹೋಗುವ ಮಾಹಿತಿಯ ಪೊಟ್ಟಣಗಳಲ್ಲಿ ಸುಮಾರು ಐನೂರಕ್ಕೊಂದನ್ನು ಹಿಡಿದು, ಅದು ಎಲ್ಲಿಂದ ಎಲ್ಲಿಗೆ ಹೊರಟಿದೆ ಎಂದು ಬೇರೊಂದು ಕಂಪ್ಯೂಟರಿಗೆ ವರದಿ ಕಳಿಸುವುದು. ಎಲ್ಲವನ್ನೂ ಎಣಿಸುತ್ತ ಕೂತರೆ ಸ್ವಿಚ್ಚೇ ಸುಸ್ತಾಗುತ್ತದೆ.

ಬೆಳಗಾವಿಯಿಂದಲೇ ಖಾನಾಪುರದ ಸ್ವಿಚ್ಚನ್ನು ಸಜ್ಜುಗೊಳಿಸಲು ತುಂಬಿ ನಿಂತ ಆ ಲೈನು ಬಿಡಲಿಲ್ಲ. ಅವಳು ಬಸ್ಸಿನಲ್ಲಿ ಹೋದಳು.

"ಬರ್ರಿ ಬಾಯಾರ, ಕುಂದರ್ರಿ. ಕಳ್ಳರನ್ನ ಹಿಡಿಯಾಕ ಬಂದ್ರೇನು?" ಎಂದು ಕೇಳಿದ ಅಲ್ಲಿನ ಲ್ಯಾಬ್ ನೋಡಿಕೊಳ್ಳುವ ಭರಮಣ್ಣ.

"ಹೌದ್ರಿ. ನಿಮ್ಮ ಹುಡುಗ್ರದೇ ಕೆಲಸ ಐತಿ."

ಭರಮಣ್ಣ ಚಹಾ ತರಿಸಲಿಲ್ಲ.

ಮರುದಿನ ಬೆಳಗಾವಿಯಲ್ಲಿ ಒಂದು ವರದಿಯೂ ಇಲ್ಲ. ವರದಿ ಮುಟ್ಟಬೇಕಿದ್ದ ಕಂಪ್ಯೂಟರಿನ ವಿಳಾಸದಲ್ಲಿ ಸುಹಾಸಿನಿ ಒಂದು ಅಂಕಿ ತಪ್ಪು ಹಾಕಿದ್ದಳು. ವರದಿಗಳೆಲ್ಲ ಲೆಕ್ಕಪತ್ರ ವಿಭಾಗದ ಪ್ರಿಂಟರಿಗೆ ಹೋಗಿದ್ದವು. ಪ್ರಿಂಟರು ಯಾರಿಗೂ ಹೇಳಿರಲಿಲ್ಲ. ಮತ್ತೆ ಬಸ್ಸು. ಈ ಸಲ ಭರಮಣ್ಣ ಕೂಡ್ರಲೂ ಹೇಳಲಿಲ್ಲ.

ಆಮೇಲೆ ವರದಿಗಳು ಬಂದವು. ಹಿಡಿದ ಪೊಟ್ಟಣಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಒಂದೇ ಕಡೆಯಿಂದ ಒಂದೇ ಕಡೆಗೆ ಹೊರಟಿದ್ದವು. ಹೊರಡುತ್ತಿದ್ದುದು ಖಾನಾಪುರದ ಗೇಟಿಗೆ ಹಾಕಿಸಿದ್ದ ಕ್ಯಾಮೆರಾದಿಂದ. ಮುಟ್ಟುತ್ತಿದ್ದುದು ಎಲ್ಲಿಗೆಂದು ಅವಳು ಬೆಳಗಾವಿ ಕಚೇರಿಯ ಗೋಡೆಯುದ್ದಕ್ಕೂ ಕೇಬಲ್ ಹಿಡಿದು ನಡೆದಳು. ಅದು ಚೇರಮನ್ನರ ಕೋಣೆಯೊಳಗೆ ಹೋಯಿತು.

ಹುಡುಗರು ಸಿನಿಮಾ ನೋಡುತ್ತಿರಲಿಲ್ಲ. ಮಧ್ಯಾಹ್ನ ಯಾರು ಕಾಲೇಜು ಬಿಟ್ಟು ಓಡುತ್ತಾರೆಂದು ಚನ್ನಬಸಯ್ಯನವರು ಹುಡುಗರನ್ನು ನೋಡುತ್ತಿದ್ದರು.

ಸುಹಾಸಿನಿ ಒಳಗೆ ಹೋಗಿ ವರದಿಗಳ ನಕ್ಷೆ ಮುಂದಿಟ್ಟು ವಿವರಿಸಿದಳು.

"ಐನೂರಕ್ಕ ಒಂದು ಅಂತಿ. ಉಳದಾವು ಯಾರವು?" ಎಂದರು ಅವರು.

"ಅವೂ ಬಾಳ ಮಟ್ಟಿಗೆ ನಿಮ್ಮವೇ ರೀ, ಸಾಹೇಬ್ರ."

ಚನ್ನಬಸಯ್ಯನವರು ನಕ್ಷೆಯನ್ನು ಪಕ್ಕಕ್ಕೆ ಸರಿಸಿದರು.

"ಖರೇ ಅನ್ನಸ್ಲಿಲ್ಲಂದ್ರ ಒಮ್ಮೆ ಬಂದ್ ಮಾಡಿ ನೋಡ್ರಿ."

ಅವರು ಪರದೆಯ ಗುಂಡಿ ಒತ್ತಿದರು. "ಬರೇ ಬೆಳಕ ಆರೇತ್ರಿ, ಚಿತ್ರ ಇನ್ನೂ ಬರಾಕತ್ತದ" ಎಂದು ಸುಹಾಸಿನಿ ತಾನೇ ಮುಂದೆ ಬಂದು, ಪರದೆ ಮತ್ತೆ ಹಚ್ಚಿ, ಅದರಲ್ಲಿ ತೆರೆದಿದ್ದ ಕ್ಯಾಮೆರಾದ ಕಿಟಕಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳನ್ನು ಕೇಳಿಕೊಂಡು ಫೋನು ಬಂತು. ಭರಮಣ್ಣ.

"ಬಾಯಾರ, ಏನ್ ಮಾಡಿದ್ರಿ? ಅರ್ಜಿ ಎಲ್ಲಾ ಹೊಂಟಾವಲ್ರೀ!"

"ತಪ್ಪಾತ್ರಿ ಭರಮಣ್ಣಾರ. ನಿಮ್ಮ ಹುಡುಗ್ರದಲ್ಲ."

"ಮತ್ಯಾರದು?"

ಚೇರಮನ್ನರು ಅವಳನ್ನೇ ನೋಡುತ್ತಿದ್ದರು. "ಒಂದು ಮಶೀನಿಂದ್ರಿ," ಎಂದಳು.

ಕ್ಯಾಮೆರಾ ತೆಗೆಯಲಿಲ್ಲ. ನಿಮಿಷಕ್ಕೊಂದು ಚಿತ್ರ ಕಳಿಸಿದರೆ ಸಾಕೆಂದು ತೀರ್ಮಾನವಾಯಿತು. ಗೇಟು ದಾಟಿ ಓಡುವವರಿಗೆ ಒಂದು ನಿಮಿಷವೂ ಬೇಕಿರಲಿಲ್ಲ. ತಿಂಗಳೊಳಗೆ ಸುಹಾಸಿನಿಗೆ ಖಾನಾಪುರಕ್ಕೆ ವರ್ಗವಾಯಿತು. "ನಿನಗ ಖಾನಾಪುರದ ಲೈನ್ ಚಲೋ ತಿಳದದ" ಎಂದು ಚೇರಮನ್ನರು ಕಾರಣ ಹೇಳಿದರು.

ನೇಮಣ್ಣ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಸುಹಾಸಿನಿ ದಿನಾ ಬಸ್ಸಿನಲ್ಲಿ ಹೋಗಿಬಂದಳು. ಖಾನಾಪುರದಲ್ಲಿ ಅವಳ ಕೆಲಸವನ್ನು ಇಣುಕಿ ನೋಡುವವರು ಯಾರೂ ಇರಲಿಲ್ಲ. ಮುಂದೆ ಎರಡು ಸಲ ಬೆಳಗಾವಿಗೆ ವಾಪಸು ಕರೆದರು. ಎರಡೂ ಸಲ, "ಇಲ್ಲಿ ಕೆಲಸ ಬಾಳ ಐತ್ರಿ" ಎಂದು ಹೇಳಿ ಕಳಿಸಿದಳು. ಅಷ್ಟೇನೂ ಇರಲಿಲ್ಲ.